ಮಂಡಿಯೂರಿದ ಪಿಕಪ್ಪು

ಲೋನ್‌ವಿಲೋ ಊರಿನ ಐಸ್ ಮೇಸ್ತ್ರಿ ಒರೆಸ್ಟ್ ತನ್ನ ಐವತ್ತೆಂಟನೇ ವಯಸ್ಸಿನಲ್ಲಿ ಹೊಸ ಪಿಕಪ್ ಕೊಳ್ಳಲು ಹೊರಟಾಗ, ಅದಕ್ಕೆಲ್ಲ ಕಾರಣ ಅತ್ತೆಯ ಮಂಡಿನೋವು ಎಂದು ಊರಿಗೆಲ್ಲ ಹೇಳಿಕೊಂಡ. ಅತ್ತೆ ಪರಸ್ಕಜ್ಜಿಗೆ ಎಂಬತ್ತಾರು ವರ್ಷ. ಹಳೇ ಪಿಕಪ್ಪಿಗೆ ಆಕೆಯನ್ನು ಹತ್ತಿಸಬೇಕಾದರೆ ಹಿಂದಿನಿಂದ ಒರೆಸ್ಟ್ ತಳ್ಳಬೇಕು, ಒಳಗಿನಿಂದ ಅವನ ಹೆಂಡತಿ ಮರೂಸ್ಯ ಎಳೆಯಬೇಕು, ನಡುವೆ ಅಜ್ಜಿ ಇಬ್ಬರನ್ನೂ ಬಯ್ಯಬೇಕು. ಆದ್ದರಿಂದ ಕಾರಣ ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಊರಿನ ಕರ್ಲಿಂಗ್ ಆಟದ ಅಂಗಳದಲ್ಲಿ ಇಪ್ಪತ್ತಾರು ಚಳಿಗಾಲ ನೀರು ಚಿಮುಕಿಸಿ, ಹೆರೆದು, ಕನ್ನಡಿಯಂಥ ಐಸ್ ಮಾಡಿಕೊಟ್ಟಿದ್ದ ಒರೆಸ್ಟ್. ಆ ಐಸಿನ ಮೇಲೆ ಗುರಿಯತ್ತ ಕಲ್ಲು ಜಾರಿಸಿ ಗೆದ್ದವನನ್ನು ಜನ ಹೆಗಲ ಮೇಲೆ ಹೊರುತ್ತಿದ್ದರು. ಐಸ್ ಮಾಡಿದವನಿಗೆ ‘ಒರೆಸ್ಟ್, ಲೈಟ್ ಆರಿಸಿ ಹೋಗೋ’ ಎನ್ನುತ್ತಿದ್ದರು. ಬದುಕಿನಲ್ಲಿ ಒಮ್ಮೆಯಾದರೂ ಊರು ತನ್ನನ್ನು ಬಾಯಿ ತೆರೆದುಕೊಂಡು ನೋಡಬೇಕೆಂದು ಅವನಿಗೆ ಆಸೆಯಿದ್ದರೆ ಅದನ್ನು ತಪ್ಪೆನ್ನಲು ನಾವು ಯಾರು?

ಹತ್ತಿರದ ಪಟ್ಟಣ ಸಸ್ಕಟೂನಿನ ಷೋರೂಮಿನಲ್ಲಿ ಜೂನ್ ತಿಂಗಳ ಬಿಸಿಲಿಗೆ ಎರಡು ಪಿಕಪ್ಪುಗಳು ಪಕ್ಕಪಕ್ಕ ನಿಂತಿದ್ದವು. ಒಂದರ ಕೆಳಗೆ ಉಕ್ಕಿನ ಪ್ಲೇಟುಗಳ ಕಮಾನು, ಒರೆಸ್ಟನ ಅಪ್ಪನ ಕಾಲದಿಂದಲೂ ಎಲ್ಲರ ಗಾಡಿಯಲ್ಲೂ ಇರುವಂಥದ್ದು. ಇನ್ನೊಂದರ ನಾಲ್ಕು ಚಕ್ರಗಳ ಮೇಲೂ ಗಾಳಿ ತುಂಬಿದ ರಬ್ಬರ್ ಚೀಲ.

ಸೇಲ್ಸಿನ ಹುಡುಗ ಬ್ರಾಡ್ಲಿ ಒಂದು ಗುಂಡಿ ಒತ್ತಿದ. ಗಾಡಿ ‘ಉಸ್ಸ್’ ಎಂದು ನಿಟ್ಟುಸಿರು ಬಿಟ್ಟು, ಸವಾರಿಗೆ ಬಗ್ಗುವ ಆನೆಯ ಹಾಗೆ ನಿಧಾನವಾಗಿ ಕೆಳಗಿಳಿಯಿತು. ಒರೆಸ್ಟ್ ತನಗೇ ತಿಳಿಯದೆ ತಲೆಯ ಮೇಲಿನ ಟೋಪಿ ತೆಗೆದ.

“ಇನ್ನೊಂದ್ಸಲ,” ಎಂದ, ಪಿಸುದನಿಯಲ್ಲಿ.

ಮರೂಸ್ಯ ಮಾತ್ರ ಟೋಪಿ ತೆಗೆಯುವ ಹೆಂಗಸಲ್ಲ. “ಚಳಿಗೆ ಇದರ ಗತಿ ಏನಪ್ಪಾ?” ಎಂದಳು.

“ಚಳಿ ಅಂದ್ರೆ ಇದಕ್ಕೆ ಪ್ರಾಣ, ಮೇಡಂ.”

“ಮೈನಸ್ ನಲವತ್ತಕ್ಕೆ?”

ಬ್ರಾಡ್ಲಿ ನಕ್ಕ. “ಅಷ್ಟೊಂದು ಎಲ್ಲಾದ್ರೂ ಆಗುತ್ತಾ ಮೇಡಂ?”

ಅವನು ಬೆಚ್ಚನೆಯ ಕರಾವಳಿಯ ವ್ಯಾಂಕೂವರಿನಿಂದ ಬಂದು ಮೂರು ವಾರವಾಗಿತ್ತು. ಮರೂಸ್ಯ ಗಂಡನ ಕಡೆ ತಿರುಗಿ, “ಕೇಳಿಸ್ಕೊಂಡ್ಯಾ?” ಎಂದಳು. ಒರೆಸ್ಟನಿಗೆ ಏನೂ ಕೇಳಿಸಿರಲಿಲ್ಲ. ಅವನು ಡ್ರೈವರ್ ಸೀಟಿನಲ್ಲಿ ಕೂತು ಗಾಡಿಯನ್ನು ಐದನೇ ಸಲ ಕೂರಿಸಿ ಏಳಿಸುತ್ತಿದ್ದ.

ಊರಿಗೆ ಬಂದ ದಿನ ಕ್ವಾನಮ್ಮನ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಗುಂಡಿ ಒತ್ತಿದ. ಕಾಫಿ ಲೋಟ ಹಿಡಿದಿದ್ದವರು ಹಿಡಿದ ಹಾಗೇ ಹೊರಗೆ ಬಂದರು. ಕ್ವಾನಮ್ಮ ಬಾಣಲೆಯಲ್ಲಿದ್ದ ಮೊಟ್ಟೆಯನ್ನು ಮರೆತು ಬಂದಳು. “ಅಯ್ಯೋ ದೇವರೇ, ನಮಸ್ಕಾರ ಮಾಡ್ತಿದೆ!” ಎಂದಳು. ಪರಸ್ಕಜ್ಜಿ ರಾಣಿಯ ಹಾಗೆ ಒಂದೇ ಹೆಜ್ಜೆಗೆ ಹತ್ತಿ ಕೂತು, “ನನ್ನ ಗಂಡನೂ ಒಂದು ದಿನಾನೂ ನನ್ನ ಮುಂದೆ ಹಿಂಗೆ ಬಗ್ಗಿದವನಲ್ಲ,” ಎಂದು ಕಣ್ಣೊರೆಸಿಕೊಂಡಳು. ಆ ಬೇಸಿಗೆ ಪೂರ್ತಿ, ಶರತ್ಕಾಲ ಪೂರ್ತಿ, ಯಾರು ಕೇಳಿದರೂ ಒರೆಸ್ಟ್ ಗಾಡಿ ಬಗ್ಗಿಸಿದ. ಯಾರೂ ಕೇಳದಿದ್ದರೆ, ಕೇಳುವಂಥವರು ಇರುವ ಕಡೆ ಹೋಗಿ ನಿಲ್ಲಿಸಿದ.

ಇಡೀ ಊರಿನಲ್ಲಿ ಬಾಯಿ ತೆರೆಯದವನು ಒಬ್ಬನೇ, ಮೆಕ್ಯಾನಿಕ್ ಸಿಗ್ವಾಲ್ಡಿ. ಅವನಿಗೂ ಒರೆಸ್ಟನಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಪಕ್ಕದೂರಿನ ಜೊತೆ ನಡೆದ ಕರ್ಲಿಂಗ್ ಫೈನಲಿನಲ್ಲಿ ಸಿಗ್ವಾಲ್ಡಿ ಬಿಟ್ಟ ಕೊನೆಯ ಕಲ್ಲು ಗುರಿಯ ಹತ್ತಿರ ಬಂದು ಎರಡು ಬೆರಳು ಪಕ್ಕಕ್ಕೆ ಸರಿದು, ಗೆಲುವಿನ ಕಪ್ಪು ಪಕ್ಕದೂರಿಗೆ ಹೋಯಿತು. “ನಿನ್ನ ಐಸ್ ಓರೆ” ಎಂದ ಸಿಗ್ವಾಲ್ಡಿ. “ನಿನ್ನ ಕೈ ಓರೆ” ಎಂದ ಒರೆಸ್ಟ್. ಅಲ್ಲಿಗೆ ಮುಗಿಯಿತು. ಅಂದಿನಿಂದ ಒಬ್ಬನಿಗೆ ಹೇಳಬೇಕಾದದ್ದನ್ನು ಇನ್ನೊಬ್ಬ ಹೋಟೆಲಿನ ಸಕ್ಕರೆ ಡಬ್ಬಿಗೆ ಹೇಳುತ್ತಿದ್ದ.

ಹೊಸ ಗಾಡಿ ಊರಿಗೆ ಬಂದ ದಿನವೂ ಸಿಗ್ವಾಲ್ಡಿ ಸಕ್ಕರೆ ಡಬ್ಬಿಗೆ ಹೇಳಿದ: “ಗಾಳಿ ಅಂದ್ಮೇಲೆ ಅದರಲ್ಲಿ ತೇವ ಇರುತ್ತೆ. ತೇವ ಅಂದ್ರೆ ನೀರು. ನೀರು ಜನವರೀಲಿ ಏನಾಗುತ್ತೆ ಅಂತ ಐಸ್ ಮಾಡೋರಿಗೆ ನಾನು ಹೇಳ್ಬೇಕಾ?”

ಒರೆಸ್ಟ್ ಅದೇ ಡಬ್ಬಿಗೆ ಉತ್ತರ ಕೊಟ್ಟ: “ಕೆಲವರಿಗೆ ಬೇರೆಯವರ ಗಾಡಿ ಏಳೋದು ನೋಡಿದ್ರೆ ಹೊಟ್ಟೇಲಿ ಏನೋ ಏಳುತ್ತೆ.”

ಜನವರಿ ಬಂತು. ಒರೆಸ್ಟನ ಮನೆಯವರು ಹೋಗುವ ಚರ್ಚಿನಲ್ಲಿ ಹಳೇ ಪಂಚಾಂಗದ ಕ್ರಿಸ್ಮಸ್ಸು, ಅಂದರೆ ಜನವರಿ ಏಳನೇ ತಾರೀಖು. ಅಂದು ಬೆಳಿಗ್ಗೆ ಮೈನಸ್ ನಲವತ್ತೊಂದು. ಉಗುಳಿದರೆ ನೆಲ ಮುಟ್ಟುವಾಗ ಟಕ್ಕೆನ್ನುವ ಚಳಿ. ಊರಿನ ಹೊಗೆಗೂಡುಗಳ ಹೊಗೆಯೆಲ್ಲ ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಗಾಳಿಯಲ್ಲಿನ ಮಂಜಿನ ಹರಳಿಗೆ ಸೂರ್ಯನ ಎರಡೂ ಪಕ್ಕ ಇಬ್ಬರು ಪುಟ್ಟ ಸೂರ್ಯರು ಹೊಳೆಯುತ್ತಿದ್ದರು. ಪರಸ್ಕಜ್ಜಿ ಅದನ್ನು ನೋಡಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, “ಇವತ್ತು ಏನೋ ನಡೆಯುತ್ತೆ,” ಎಂದಳು. ಅಜ್ಜಿ ದಿನಾ ಹಾಗೆ ಹೇಳುತ್ತಿದ್ದಳು, ಅದು ಬೇರೆ ಮಾತು.

ಚರ್ಚಿನ ಎದುರಿಗೇ ಸಿಗ್ವಾಲ್ಡಿಯ ಮನೆ. ಜಾಗವೆಲ್ಲ ತುಂಬಿದ್ದರಿಂದ ಒರೆಸ್ಟ್ ಗಾಡಿಯ ಮೂತಿಯನ್ನು ಅವನ ಗೇಟಿನ ಕಡೆಗೇ ಮಾಡಿ ನಿಲ್ಲಿಸಬೇಕಾಯಿತು. ಗುಂಡಿ ಒತ್ತಿದ. ಗಾಡಿ ಬಗ್ಗಿತು. ಅಜ್ಜಿ ಇಳಿದಳು. ಎರಡು ಗಂಟೆ ಪೂಜೆ ನಡೆಯಿತು.

ಹೊರಗೆ ಬಂದು ಎಂಜಿನ್ ಚಾಲೂ ಮಾಡಿ ಒರೆಸ್ಟ್ ಮೇಲೇಳುವ ಗುಂಡಿ ಒತ್ತಿದ. ಗಾಡಿಯ ಹಿಂಭಾಗ ಶಿಸ್ತಾಗಿ ಎದ್ದಿತು. ಮುಂಭಾಗ ಏಳಲಿಲ್ಲ. ಇನ್ನೊಮ್ಮೆ ಒತ್ತಿದ. ಹಿಂಭಾಗ ಇನ್ನಷ್ಟು ಎದ್ದಿತು. ಮುಂಭಾಗ ಹಿಮದಲ್ಲಿ ಇನ್ನಷ್ಟು ಹೂತುಕೊಂಡಿತು. ಒಳಗೆ ಏನೋ ‘ಕಟಕ್’ ಎಂದು, ಎದುರಿಗೆ ಕೆಂಪು ದೀಪ ಬಂದು, ಆಮೇಲೆ ಎಲ್ಲ ನಿಶ್ಶಬ್ದ. ಆ ದೊಡ್ಡ ಬಿಳೀ ಪಿಕಪ್ಪು ಹಣೆ ನೆಲಕ್ಕೆ ಹಚ್ಚಿ, ಹಿಂಭಾಗ ಆಕಾಶಕ್ಕೆ ಎತ್ತಿ, ಸಿಗ್ವಾಲ್ಡಿಯ ಗೇಟಿನ ಮುಂದೆ ಅಡ್ಡಬಿದ್ದಿತ್ತು.

ಚರ್ಚಿನ ಜನ ಒಬ್ಬೊಬ್ಬರೇ ಮೆಟ್ಟಿಲಿಳಿದು ಬಂದು ಅಲ್ಲೇ ನಿಂತರು. ಉಸಿರೆಲ್ಲ ಬಿಳೀ ಮೋಡವಾಗಿ ತಲೆಗಳ ಮೇಲೆ ಕೂಡಿತು. ಕೊನೆಗೆ ಫಾದರ್ ಮೆಥೋಡಿ ಗುಂಪನ್ನು ದಾಟಿ ಮುಂದೆ ಬಂದರು. ಗಾಡಿಯನ್ನು ನೋಡಿದರು, ಗೇಟನ್ನು ನೋಡಿದರು, ಒರೆಸ್ಟನನ್ನು ನೋಡಿದರು. ಗಡ್ಡಕ್ಕೆ ಹಿಡಿದಿದ್ದ ಮಂಜು ನಡುಗಿತು.

“ಒಂಬತ್ತು ವರ್ಷ ನಾನು ಬೇಡಿಕೊಂಡೆ,” ಎಂದರು. “ಇವತ್ತು, ಕ್ರಿಸ್ತ ಹುಟ್ಟಿದ ದಿನ, ಎಲ್ಲರ ಕಣ್ಣೆದುರಿಗೆ ನೀನು ಕ್ಷಮೆ ಕೇಳ್ತಿದ್ದೀಯ. ಒರೆಸ್ಟ್, ಇದು ನಿಜವೇನಪ್ಪಾ?”

ಈಗ ಒರೆಸ್ಟನ ಸ್ಥಿತಿಯನ್ನು ಓದುಗರು ಸಮಾಧಾನದಿಂದ ಪರಿಶೀಲಿಸಬೇಕು. ಇಲ್ಲ ಎಂದರೆ, ಗಾಡಿ ಚಳಿಗೆ ಕೆಟ್ಟಿದೆ ಎಂದು ಒಪ್ಪಬೇಕು. ಅಂದರೆ ಸಿಗ್ವಾಲ್ಡಿ ಹೇಳಿದ್ದೇ ಸರಿ. ಹೌದು ಎಂದರೆ, ಸಿಗ್ವಾಲ್ಡಿಯ ಕಾಲಿಗೆ ಬಿದ್ದಂತೆ. ಅಂದರೆ ಆಗಲೂ ಸಿಗ್ವಾಲ್ಡಿ ಹೇಳಿದ್ದೇ ಸರಿ. ಒರೆಸ್ಟ್ ಹೆಂಡತಿಯ ಕಡೆ ನೋಡಿದ. ಮರೂಸ್ಯ ಸಸ್ಕಟೂನಿನ ಷೋರೂಮಿನಿಂದ ಕಾದಿಟ್ಟುಕೊಂಡು ಬಂದಿದ್ದ ಮಾತೊಂದನ್ನು ತುಟಿಯ ಮೇಲೆ ತಂದುಕೊಂಡು ನಿಂತಿದ್ದಳು.

“ಹೂಂ,” ಎಂದ ಒರೆಸ್ಟ್.

ಗುಂಪಿನಿಂದ ಒಂದು ಉದ್ಗಾರ ಎದ್ದಿತು. ಯಾರೋ ಅತ್ತರು, ಕಣ್ಣೀರು ಕೆನ್ನೆಯ ಮೇಲೇ ಗಟ್ಟಿಯಾಯಿತು. ಪರಸ್ಕಜ್ಜಿ ಅಳಿಯನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ನಾನು ನಿನ್ನ ಪೆದ್ದ ಅಂದ್ಕೊಂಡಿದ್ದೆ ಕಣೋ, ಮೂವತ್ತು ವರ್ಷ,” ಎಂದು ಮುದ್ದಿಟ್ಟಳು.

ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಸಿಗ್ವಾಲ್ಡಿಯ ಹೆಂಡತಿ ಹಲ್ಡೋರ ಏಪ್ರನ್ನಿನಲ್ಲೇ ಓಡಿಬಂದು ಗೇಟಿನ ಕಂಬ ಹಿಡಿದು ನಿಂತಳು. ಹಿಂದೆಯೇ ಸಿಗ್ವಾಲ್ಡಿ. ನಲವತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿದ ಮನುಷ್ಯ. ಒಂದೇ ನೋಟಕ್ಕೆ ಅವನಿಗೆ ಎಲ್ಲ ತಿಳಿಯಿತು. ಅವನ ಮುಖ ಅರಳಿತು.

“ಅದು ವಾಲ್ವು...” ಎಂದು ಶುರುಮಾಡಿದ.

“ಸಿಗ್ವಾಲ್ಡಿ!” ಎಂದಳು ಹಲ್ಡೋರ. ಅವಳ ಕೆನ್ನೆ ಒದ್ದೆಯಾಗಿತ್ತು.

ಸಿಗ್ವಾಲ್ಡಿ ಬಾಯಿ ಮುಚ್ಚಿಕೊಂಡ. ಎಂಬತ್ತು ಜನ ಅವನನ್ನು ನೋಡುತ್ತಿದ್ದರು. ಕ್ರಿಸ್ಮಸ್ಸಿನ ದಿನ ಮಂಡಿಯೂರಿದವನನ್ನು ಹಂಗಿಸುವ ಪಾಪಿ ಯಾರಾದರೂ ಇದ್ದಾನೆಯೇ ಎಂಬಂತೆ ನೋಡುತ್ತಿದ್ದರು. ಅವನು ಒಮ್ಮೆ ಕೆಮ್ಮಿ, ತಿರುಗಿ, ಒಳಗೆ ಹೋದ.

“ಅವನಿಗೂ ಸಮಯ ಬೇಕು,” ಎಂದರು ಫಾದರ್ ಮೆಥೋಡಿ. “ಉತ್ತರ ಬರೋ ತನಕ ಈ ಗಾಡೀನ ಯಾರೂ ಮುಟ್ಟಬಾರದು.”

“ಎಳೆದುಕೊಂಡು ಹೋಗೋ ಗಾಡಿ ಕರೆಸೋಣ ಅಂತಿದ್ದೆ, ಫಾದರ್...” ಎಂದ ಒರೆಸ್ಟ್.

“ಕ್ಷಮೆಯನ್ನ ಎಳೆದುಕೊಂಡು ಹೋಗ್ತಾರೇನಪ್ಪಾ!”

ಹೀಗೆ ಒರೆಸ್ಟನ ಪಿಕಪ್ಪು ಎರಡು ದಿನ ಅಲ್ಲಿ ಅಡ್ಡಬಿದ್ದಿತ್ತು. ಅಕ್ಕಪಕ್ಕದ ಹೊಲಮನೆಗಳಿಂದ ಜನ ನೋಡಲು ಬಂದರು. ದೂರದಲ್ಲೇ ಗಾಡಿ ನಿಲ್ಲಿಸಿ ಟೋಪಿ ತೆಗೆದು ಹತ್ತಿರ ಬಂದರು, ಕಿವಿ ಹೆಪ್ಪುಗಟ್ಟುವ ತನಕ ನಿಂತರು. ಯಾರೋ ಅದರ ಬಾನೆಟ್ಟಿಗೆ ಕಂಬಳಿ ಹೊದಿಸಿದರು. ಇನ್ಯಾರೋ ಜೇನು, ಗಸಗಸೆ ಹಾಕಿದ ಗೋಧಿ ಪಾಯಸವನ್ನು ಬಟ್ಟಲಲ್ಲಿ ತಂದು ಬಂಪರಿನ ಹತ್ತಿರ ಇಟ್ಟುಹೋದರು. ಪಾಯಸ ಕಲ್ಲಾಯಿತು, ಮಾರನೇ ದಿನ ಪಕ್ಕದಲ್ಲಿ ಇನ್ನೊಂದು ಬಟ್ಟಲು ಬಂತು.

ಟೌನ್ ಆಫೀಸಿನ ಡೆಲ್ಬರ್ಟ್ ಹಿಮ ತಳ್ಳುವ ಯಂತ್ರದಲ್ಲಿ ಬಂದ. ರಸ್ತೆಗೆ ಅಡ್ಡವಾಗಿ ವಾಹನ ನಿಲ್ಲಿಸಿದರೆ ತಾಯಿಯನ್ನೂ ಬಿಡದೆ ಚೀಟಿ ಬರೆಯುವವನೆಂದು ಅವನಿಗೆ ಹೆಸರಿತ್ತು. ತಾಯಿಗೆ ಬರೆದೂ ಇದ್ದ. ಯಂತ್ರ ನಿಲ್ಲಿಸಿ ಇಳಿದು, ಚೀಟಿ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ತೆರೆದು, ಗಾಡಿಯನ್ನು ಬಹಳ ಹೊತ್ತು ನೋಡಿದ.

“ಕಾರಣ ಅನ್ನೋ ಕಡೆ ಏನು ಬರೀಲಿ?” ಎಂದ.

“ಪಶ್ಚಾತ್ತಾಪ ಅಂತ ಬರಿ,” ಎಂದಳು ಕ್ವಾನಮ್ಮ.

ಅಂಥ ಕಲಮು ಪುಸ್ತಕದಲ್ಲಿರಲಿಲ್ಲ. ಡೆಲ್ಬರ್ಟ್ ಮುಚ್ಚಳ ಹಾಕಿ, ಯಂತ್ರ ಹತ್ತಿ, ಪಿಕಪ್ಪಿನ ಸುತ್ತ ಒಂದು ಸುಂದರವಾದ ಅರ್ಧಚಂದ್ರ ಬಿಟ್ಟು ಉಳಿದ ರಸ್ತೆಯನ್ನು ಗುಡಿಸಿದ.

ಒರೆಸ್ಟ್ ಕರ್ಲಿಂಗ್ ಅಂಗಳಕ್ಕೆ ನಡೆದೇ ಹೋಗುತ್ತಿದ್ದ. ದಾರಿಯುದ್ದಕ್ಕೂ ಜನ ನಿಂತು ಕೈ ಕುಲುಕುತ್ತಿದ್ದರು. “ನಿನ್ನಂಥ ಎದೆ ನಮಗಿಲ್ಲಪ್ಪ,” ಎನ್ನುತ್ತಿದ್ದರು. ಇಪ್ಪತ್ತಾರು ಚಳಿಗಾಲ ಕಾದಿದ್ದ ಗೌರವ ಬಂದಿತ್ತು, ಅದೂ ಮೂಟೆಗಟ್ಟಲೆ. ಆದರೆ ಪ್ರತಿಯೊಂದು ಕೈಕುಲುಕಿಗೂ ಅವನು ಒಂದಂಗುಲ ಕುಗ್ಗುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತರೆ ಮರೂಸ್ಯ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದ್ದೇ ಮೈನಸ್ ನಲವತ್ತೊಂದಕ್ಕಿಂತ ಕೆಟ್ಟದಾಗಿತ್ತು.

ಮೂರನೇ ದಿನ ಮಧ್ಯಾಹ್ನ ಕ್ವಾನಮ್ಮ ಫೋನ್ ಮಾಡಿದಳು. “ಬೇಗ ಹೋಗು, ಸಿಗ್ವಾಲ್ಡಿ ಹೊರಗೆ ಬಂದಿದ್ದಾನೆ!”

ಒರೆಸ್ಟ್ ಓಡಿದ. ಸಿಗ್ವಾಲ್ಡಿ ಗಾಡಿಯ ಮುಂಭಾಗಕ್ಕೆ ಟಾರ್ಪಾಲು ಮುಚ್ಚಿ ಡೇರೆ ಮಾಡಿದ್ದ. ಮನೆಯಿಂದ ವೈರು ಎಳೆದು ಬಿಸಿಗಾಳಿಯ ಯಂತ್ರ ಒಳಗೆ ಬಿಟ್ಟಿದ್ದ. ಅವನ ಎರಡು ಬೂಟುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಸುತ್ತಲೂ ಜನ ಆಗಲೇ ಸೇರಿದ್ದರು. ಒರೆಸ್ಟ್ ಟಾರ್ಪಾಲಿನ ಅಂಚೆತ್ತಿ, ಏನು ಮಾಡುವುದೆಂದು ತಿಳಿಯದೆ ತೆವಳಿಕೊಂಡು ಒಳಗೆ ಹೋಗಿ ಪಕ್ಕದಲ್ಲಿ ಅಂಗಾತ ಮಲಗಿದ.

ಬಿಸಿಗಾಳಿಯ ಯಂತ್ರ ಗುರ್ರೆನ್ನುತ್ತಿತ್ತು.

“ಒರೆಸ್ಟ್,” ಎಂದ ಸಿಗ್ವಾಲ್ಡಿ. ಒಂಬತ್ತು ವರ್ಷದ ನಂತರದ ಮೊದಲ ಮಾತು. “ಟಾರ್ಚ್ ಹಿಡಿ.”

“ಹಿಡಿದೆ.”

“ನನ್ನ ಮುಖಕ್ಕಲ್ಲ. ವಾಲ್ವಿಗೆ.”

ಒರೆಸ್ಟ್ ವಾಲ್ವಿಗೆ ಹಿಡಿದ. ಸಿಗ್ವಾಲ್ಡಿ ಗಾಳಿತೊಟ್ಟಿಯ ತಿರುಪು ಬಿಚ್ಚಿದ. ಅದರೊಳಗಿಂದ ಒಂದು ಲೋಟದಷ್ಟು ನೀರು ಇಬ್ಬರ ಮಧ್ಯೆ ಸುರಿಯಿತು.

“ದಿನಕ್ಕೆ ಎಷ್ಟು ಸಲ ಬಗ್ಗಿಸ್ತಿದ್ದೆ ಇದನ್ನ?”

“ಯಾರಾದ್ರೂ ಕೇಳಿದಾಗ.”

“ಯಾರು ಕೇಳ್ತಿದ್ರು?”

“...ಊರು.”

“ಒಂದೊಂದು ಸಲ ಏಳಿಸಿದಾಗ್ಲೂ ಹೊರಗಿನ ಗಾಳಿ ಎಳೆದುಕೊಳ್ಳುತ್ತೆ ಕಣೋ, ತೇವದ ಸಮೇತ. ಅಜ್ಜಿಗೆ ಅಂತ ದಿನಕ್ಕೆ ಎರಡು ಸಲ ಆಗಿದ್ರೆ ಈ ಗಾಡಿ ಕೆಡ್ತಿರಲಿಲ್ಲ. ಒಳ್ಳೇ ಗಾಡಿ ಇದು. ನೀನು ಇದನ್ನ ಸರ್ಕಸ್ಸಿಗೆ ಸೇರಿಸಿಬಿಟ್ಟೆ.”

ಹೊರಗೆ ಜನರ ಬೂಟುಗಳು ಹಿಮದ ಮೇಲೆ ಕರಕರ ಎನ್ನುತ್ತಿದ್ದವು. ಆ ಸದ್ದಿನ ಮರೆಯಲ್ಲಿ ಒರೆಸ್ಟ್ ಹೇಳಿದ: “ಆ ಸಲ ಐಸ್ ಓರೆ ಇತ್ತು.”

ಸಿಗ್ವಾಲ್ಡಿಯ ಪಾನಾ ನಿಂತಿತು.

“ಮೂಲೇಲಿ ನೀರಿನ ಪೈಪು ಬಿಟ್ಟು ನಿದ್ದೆ ಹೋಗಿಬಿಟ್ಟಿದ್ದೆ. ಬೆಳಿಗ್ಗೆ ಎಷ್ಟು ಹೆರೆದ್ರೂ ಸಮ ಆಗ್ಲಿಲ್ಲ. ನಿನ್ನ ಕೈ ಓರೆ ಇರಲಿಲ್ಲ. ಅಂಥ ಕಲ್ಲನ್ನ ಈ ಊರಲ್ಲಿ ಯಾರೂ ಬಿಟ್ಟಿಲ್ಲ, ಮುಂದೂ ಬಿಡಲ್ಲ.”

ಸಿಗ್ವಾಲ್ಡಿ ಮೂಗಿನ ತುದಿಯಲ್ಲಿದ್ದ ನೀರಿನ ಹನಿಯನ್ನು ತೋಳಿನಿಂದ ಒರೆಸಿಕೊಂಡ. ಬಿಸಿಗಾಳಿಯಿಂದ ಕರಗಿದ ಹಿಮ ಎಂದು ಇಟ್ಟುಕೊಳ್ಳೋಣ.

“ಹತ್ತು ನಂಬರ್ ಪಾನಾ ಕೊಡು,” ಎಂದ.

ಇಬ್ಬರೂ ಹೊರಗೆ ತೆವಳಿಕೊಂಡು ಬಂದಾಗ ಜನ ದಾರಿ ಬಿಟ್ಟು ನಿಂತರು. ಸಿಗ್ವಾಲ್ಡಿ ತಾನೇ ಬಾಗಿಲು ತೆರೆದು, ಕೈಚಾಚಿ ಗುಂಡಿ ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಂಪ್ರೆಸರ್ ಗೊರಗೊರ ಎಂದಿತು. ಹಣೆಯ ಮೇಲಿನ ಹಿಮವನ್ನು ಉದುರಿಸುತ್ತ, ಹೆಗಲ ಮೇಲಿನ ಕಂಬಳಿಯನ್ನು ಜಾರಿಸುತ್ತ, ಆ ಗಾಡಿ ನಿಧಾನವಾಗಿ, ಬಹಳ ನಿಧಾನವಾಗಿ ತಲೆಯೆತ್ತಿತು.

ಲೋನ್‌ವಿಲೋದಲ್ಲಿ ಆ ದಿನ ಇದ್ದವರು ಯಾರೂ ಅದನ್ನು ಮರೆತಿಲ್ಲ. ಫಾದರ್ ಮೆಥೋಡಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಡೆಲ್ಬರ್ಟ್ ಟೋಪಿ ತೆಗೆದ. ಹಲ್ಡೋರ ಒಳಗೆ ಹೋಗಿ ಒಣ ಪ್ಲಮ್ಮಿನ ಏಳು ಪದರದ ಕೇಕನ್ನು ಇಡಿಯಾಗಿ ತಂದು ಒರೆಸ್ಟನ ಕೈಗಿಟ್ಟಳು. ಮರೂಸ್ಯ ಗಂಡನ ಹತ್ತಿರ ಬಂದು, ಕಿವಿಯ ಬಳಿ, “ವಾಲ್ವಾ?” ಎಂದಳು. “ವಾಲ್ವು,” ಎಂದ. “ಬರೀ ವಾಲ್ವಾ?” ಎಂದಳು. ಅವನು ತಲೆಯಾಡಿಸಿ ಅಲ್ಲ ಎಂದ. ಆರು ತಿಂಗಳಿಂದ ಕಾದಿಟ್ಟಿದ್ದ ಮಾತನ್ನು ಮರೂಸ್ಯ ನುಂಗಿಕೊಂಡಳು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಒಂದು ವಾರದ ನಂತರ ಒರೆಸ್ಟನಿಗೆ ಎಡ್ವಿನ ಎಂಬ ಹೆಂಗಸಿನ ಫೋನು ಬಂತು. ಮೂವತ್ತು ಮೈಲಿ ಆಚೆಯವಳು, ಎಪ್ಪತ್ತನಾಲ್ಕು ವರ್ಷ.

“ಕ್ಷಮೆ ಕೇಳೋ ಗಾಡಿ ನಿಮ್ಮದೇನಾ?” ಎಂದಳು. “ನನ್ನ ತಮ್ಮ ಗಾರ್ನೆಟ್‌ನ ನೋಡಿ ಇಪ್ಪತ್ತೆರಡು ವರ್ಷ ಆಯ್ತು. ತಪ್ಪು ನನ್ನದೇ. ಆದ್ರೆ ನನಗೆ ಬಾಯಿ ಬರಲ್ಲಪ್ಪ. ಗಾಡೀನೇ ಹೇಳ್ಲಿ ಅಂತ.”

ಒರೆಸ್ಟ್ ಸಿಗ್ವಾಲ್ಡಿಯ ಗ್ಯಾರೇಜಿಗೆ ಹೋಗಿ, “ಬೇಕಂತಲೇ ಕೆಡಿಸೋಕಾಗುತ್ತಾ?” ಎಂದು ಕೇಳಿದ.

“ಕೆಡಿಸೋದಾ? ನಾನು ರಿಪೇರಿ ಮಾಡಿದ ಗಾಡೀನ?” ಸಿಗ್ವಾಲ್ಡಿಗೆ ಅವಮಾನವಾಯಿತು. ಪಾನಾ ಕೆಳಗಿಟ್ಟು, “ಗುರುವಾರ ಮೈನಸ್ ಮೂವತ್ತೆಂಟು ಅಂತಿದ್ದಾರೆ. ನೋಡೋಣ. ನಾನೂ ಬರ್ತೀನಿ,” ಎಂದ.

ಗುರುವಾರ ಬೆಳಿಗ್ಗೆ ಎಡ್ವಿನಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾರ್ನೆಟ್‌ನ ಹೊಲದ ಗೇಟಿಗೆ ಬಂದರು. ಸುತ್ತ ಆಕಾಶ ಮುಟ್ಟುವ ತನಕ ಹಿಮ, ನಡುವೆ ಒಂದು ಮನೆ, ಒಂದು ಕೊಟ್ಟಿಗೆ. ಒರೆಸ್ಟ್ ಗುಂಡಿ ಒತ್ತಿದ. ಗಾಡಿ ಬಗ್ಗಿತು. ಮುಕ್ಕಾಲು ಗಂಟೆ ಕಾದು, ಹಿಂಭಾಗ ಮಾತ್ರ ಏಳಲಿ ಎಂದು ಪ್ರಾರ್ಥಿಸುತ್ತ ಮತ್ತೆ ಒತ್ತಿದ. ಗಾಡಿ ನಾಲ್ಕೂ ಕಾಲಿನ ಮೇಲೆ ಠೀವಿಯಿಂದ ಎದ್ದು ನಿಂತಿತು.

“ಥೂ!” ಎಂದ ಸಿಗ್ವಾಲ್ಡಿ.

ಮತ್ತೆ ಬಗ್ಗಿಸಿದರು. ಮತ್ತೆ ಎದ್ದಿತು. ಇಬ್ಬರೂ ಇಳಿದು ಚಕ್ರದ ಮೇಲಿನ ಸಂದಿಗೆ ಹಿಮ ತುರುಕಿದರು. ಎದ್ದಿತು. ಬಂಪರಿನ ಮೇಲೆ ಇಬ್ಬರೂ ಕೂತು, ಎಡ್ವಿನಳ ಕೈಲಿ ಗುಂಡಿ ಒತ್ತಿಸಿದರು. ಇಬ್ಬರನ್ನೂ ಹೊತ್ತುಕೊಂಡು ಎದ್ದಿತು.

“ಅಷ್ಟು ಚೆನ್ನಾಗಿ ರಿಪೇರಿ ಮಾಡು ಅಂತ ನಿನಗ್ಯಾರು ಹೇಳಿದ್ದು?” ಎಂದು ಕಿರುಚಿದ ಒರೆಸ್ಟ್.

“ನಲವತ್ತು ವರ್ಷ ಅದೇ ಮಾಡಿದ್ದೀನಿ, ಏನು ಮಾಡ್ಲಿ!” ಎಂದು ಕಿರುಚಿದ ಸಿಗ್ವಾಲ್ಡಿ.

ಗೇಟಿನ ಆಚೆಯಿಂದ ಕೆಮ್ಮು ಕೇಳಿಸಿತು. ಬಡಕಲು ಮುದುಕನೊಬ್ಬ ಸಲಿಕೆ ಹಿಡಿದು ನಿಂತಿದ್ದ. ರೆಪ್ಪೆಗಳೆಲ್ಲ ಬೆಳ್ಳಗಾಗಿದ್ದವು.

“ಒಂದು ಗಂಟೆಯಿಂದ ಕಿಟಕೀಲಿ ನೋಡ್ತಿದ್ದೀನಿ,” ಎಂದ ಗಾರ್ನೆಟ್. “ಏನು, ಗಾಡಿ ಕೆಟ್ಟಿದೆಯಾ?”

“ಇಲ್ಲ,” ಎಂದ ಒರೆಸ್ಟ್, ಅಳುವ ದನಿಯಲ್ಲಿ. “ಕೆಡ್ತಾನೇ ಇಲ್ಲ.”

ಆಗ ಹಿಂದಿನ ಕಿಟಕಿಯ ಗಾಜು ಸ್ವಲ್ಪ ಕೆಳಗಿಳಿಯಿತು. ಗಾರ್ನೆಟ್ ಆ ಕಡೆ ನೋಡಿದ. ನೋಡುತ್ತಲೇ ನಿಂತ. ಒರೆಸ್ಟನಿಗೆ ತನ್ನ ಉಸಿರೇ ದೊಡ್ಡ ಸದ್ದೆನಿಸಿ ಬಾಯಿಗೆ ಕೈಗವಸು ಒತ್ತಿಕೊಂಡ.

“ಎಡ್ವಿನಾ,” ಎಂದ ಮುದುಕ ಕೊನೆಗೆ. “ಬೂಟು ಹಾಕ್ಕೊಂಡಿದ್ದೀಯಾ?”

“ಹಾಕ್ಕೊಂಡಿದ್ದೀನಿ.”

“ಹಂಗಾದ್ರೆ ಇಳಿ. ಹಿಮ ಮಂಡಿ ತನಕ ಇದೆ. ನಾನು ದಾರಿ ಮಾಡ್ತೀನಿ, ಹಿಂದೇನೇ ಬಾ.”

ಅವನು ಬೆನ್ನು ತಿರುಗಿಸಿ ಸಲಿಕೆಗೆ ಕೈ ಹಾಕಿದ. ಒಂದು ಸಲಿಕೆ ಹಿಮ ಎತ್ತಿ ಪಕ್ಕಕ್ಕೆ ಎಸೆದರೆ ಎಡ್ವಿನ ಒಂದು ಹೆಜ್ಜೆ ಇಡುತ್ತಿದ್ದಳು, ಇನ್ನೊಂದು ಎಸೆದರೆ ಇನ್ನೊಂದು ಹೆಜ್ಜೆ. ಗೇಟಿನಿಂದ ಮನೆಯ ಬಾಗಿಲಿಗೆ ಇನ್ನೂರು ಹೆಜ್ಜೆಯಾದರೂ ಇತ್ತು. ಒರೆಸ್ಟನೂ ಸಿಗ್ವಾಲ್ಡಿಯೂ ಗಾಡಿಯ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಕಾಲು ಮರಗಟ್ಟಿದರೂ ಅಲುಗದೆ, ಆ ಬಾಗಿಲು ತೆರೆದು ಮುಚ್ಚುವ ತನಕ ನೋಡಿದರು.